ಮೂರು ಬಾರಿ ಗೆದ್ದ ಮುಷ್ಟಿಮಲ್ಲ

ಪೀಣ್ಯದ ಎರಡನೆಯ ಹಂತದಲ್ಲಿ ಪಾಳಿ ಬದಲಾಗುವ ಹೊತ್ತನ್ನು ಒಮ್ಮೆ ನೋಡಬೇಕು. ಸಣ್ಣವೂ ದೊಡ್ಡವೂ ಆದ ನೂರಾರು ಕಾರ್ಖಾನೆಗಳ ಬಾಗಿಲುಗಳಿಂದ ಹೊರಬಿದ್ದ ಜನ ತುಮಕೂರು ರಸ್ತೆಯ ಕಡೆಗೆ ಹೊಳೆಯಾಗಿ ಹರಿಯುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಬಟ್ಟೆಯಲ್ಲಿ ಯಂತ್ರದ ಎಣ್ಣೆಯ ವಾಸನೆ, ಮುಖದಲ್ಲಿ ಬೇಗ ಮನೆ ಸೇರಬೇಕೆಂಬ ತವಕ. ರಸ್ತೆಯ ಮೇಲೆ ಎತ್ತಿ ಕಟ್ಟಿದ ಹಾದಿಯಲ್ಲಿ ಮೆಟ್ರೋ ರೈಲು ಇವರಾರ ಗೊಡವೆಯೂ ತನಗಿಲ್ಲವೆಂಬಂತೆ ಸಾಗಿಹೋಗುತ್ತದೆ. ಈ ಜನಪ್ರವಾಹದಲ್ಲಿ ಒಬ್ಬ ಮುಷ್ಟಿಮಲ್ಲನೂ ಇರಬಹುದೆಂದು ನನಗೆ ಹೊಳೆದಿರಲಿಲ್ಲ. ಅವನು ನನ್ನ ಶಿಷ್ಯನೇ ಆಗಿದ್ದರೂ ಹೊಳೆದಿರಲಿಲ್ಲ.

ಹುಡುಗ ಸಂಜೆಯ ಕಾಲೇಜಿನಲ್ಲಿ ಎರಡು ವರ್ಷ ನನ್ನ ಕನ್ನಡ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತವನು. ಹಗಲು ಲೇತಿನ ಮುಂದೆ ನಿಂತು ಬಂದವನಿಗೆ ಹಳಗನ್ನಡದ ಕಂದಪದ್ಯ ಜೋಗುಳದಂತೆ ಕೇಳಿಸಿದರೆ ತಪ್ಪೇನಿಲ್ಲ. ಅವನು ತೂಕಡಿಸುತ್ತಿದ್ದನು, ನಾನು ಕಂಡೂ ಕಾಣದಂತಿರುತ್ತಿದ್ದೆನು. ಅವನ ಮೂಗಿನ ಮೇಲೆ ಆಗಾಗ ಕಾಣುತ್ತಿದ್ದ ಗಾಯವನ್ನು ಯಂತ್ರದ ಪೆಟ್ಟೆಂದೇ ಭಾವಿಸಿದ್ದೆನು. ಒಂದು ಭಾನುವಾರ ಮನೆಗೆ ಬಂದು, ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಸಾರ್, ಒಂದು ಅರ್ಜಿ ಬರ್ಕೊಡ್ತೀರಾ? ಎಂಟು ದಿವಸ ರಜಾ ಬೇಕು. ಬಾಕ್ಸಿಂಗ್‌ಗೆ ಸೆಲೆಕ್ಟ್ ಆಗಿದೀನಿ" ಎಂದನು.

ನಾನು ಬರೆದುಕೊಟ್ಟೆನು. ಕನ್ನಡ ಎಂ.ಎ. ಓದಿದವನ ಅರ್ಜಿ, 'ಸವಿನಯ ಪ್ರಾರ್ಥನೆ'ಯಿಂದ ಆರಂಭವಾಗಿ 'ತಮ್ಮ ಔದಾರ್ಯ'ದಲ್ಲಿ ಮುಗಿದಿತ್ತು. ಕಾರ್ಖಾನೆಯ ಮಾಲೀಕರು ಅದನ್ನು ಪೂರ್ತಿ ಓದಿ, ನಾಲ್ಕಾಗಿ ಮಡಿಸಿ ಅವನ ಕೈಗೇ ಹಿಂದಿರುಗಿಸಿ, ಬಾಕ್ಸಿಂಗ್ ಬೇಕೋ ಕೆಲಸ ಬೇಕೋ ತೀರ್ಮಾನ ಮಾಡಿಕೋ ಎಂದರಂತೆ. ಅವರನ್ನು ದೂರಿ ಫಲವಿಲ್ಲ. ಹನ್ನೆರಡು ಜನರ ಕಾರ್ಖಾನೆಯಲ್ಲಿ ಒಬ್ಬನು ಎಂಟು ದಿನ ಬಾರದಿದ್ದರೆ ಒಂದು ಯಂತ್ರ ಎಂಟು ದಿನ ಸುಮ್ಮನಿರುತ್ತದೆ. ಆದರೆ ಆ ಸಂಜೆ ಜಾಲಹಳ್ಳಿ ಕ್ರಾಸಿನ ಚಹದಂಗಡಿಯ ಮುಂದೆ ಹುಡುಗನ ಎದುರಿಗೆ ನಿಂತಾಗ, ಒಲಿಂಪಿಕ್ ಕ್ರೀಡೆಗಳ ಚರಿತ್ರೆಯನ್ನು ಓದುವ ಚಟವುಳ್ಳ ನನಗೆ ಒಬ್ಬ ಹಂಗೇರಿಯನ್ನನ ನೆನಪಾಯಿತು. ಜಗತ್ತಿನ ಯಾವ ಮುಷ್ಟಿಮಲ್ಲನೂ ಅದುವರೆಗೆ ಮಾಡದ ಸಾಧನೆಯನ್ನು ಮಾಡಿದವನು ಅವನು. ಅವನ ಬಾಳಿನ ಕೊನೆಯ ಬಾಗಿಲನ್ನು ಮುಚ್ಚಿದ್ದು ಎದುರಾಳಿಯ ಹೊಡೆತವಲ್ಲ, ಸಿಗದೆಹೋದ ಒಂದು ಅಪ್ಪಣೆ. ಹುಡುಗನಿಗೆ ಅಂದು ಅರೆಬರೆಯಾಗಿ ಹೇಳಿದ ಕಥೆಯನ್ನು ವಾಚಕರಿಗೆ ಇಲ್ಲಿ ತುಸು ವಿವರವಾಗಿ ಹೇಳುತ್ತೇನೆ.

ಅವನ ಹೆಸರು ಲಾಸ್ಲೋ ಪಾಪ್. ಹಂಗೇರಿಯವರು ಮಾತ್ರ 'ಪಾಪ್ ಲಾಸ್ಲೋ' ಎನ್ನುತ್ತಾರೆ. ಯುರೋಪಿನ ಉಳಿದ ಜನರಂತಲ್ಲದೆ ಅವರು ಮನೆತನದ ಹೆಸರನ್ನು ಮೊದಲಿಟ್ಟು ಸ್ವಂತ ಹೆಸರನ್ನು ಆಮೇಲೆ ಹೇಳುವವರು. ನಮ್ಮ ಕೊಡಗಿನವರ ಪದ್ಧತಿಯೇ ಸರಿ. 'ಪಾಪ್' ಎಂದರೆ ಅವರ ಭಾಷೆಯಲ್ಲಿ ಪುರೋಹಿತ ಎಂದರ್ಥ. ಪೂಜಾರಿಯೆಂಬ ಹೆಸರಿನವನು ಮುಷ್ಟಿಯೆತ್ತಿ ನಿಂತನೆಂದು ನಗುವಂತಿಲ್ಲ; ಆ ಮುಷ್ಟಿಯ ಎದುರು ನಿಂತವರಾರೂ ನಗಲಿಲ್ಲ.

1926ರ ಮಾರ್ಚ್ 25ರಂದು ಬುಡಾಪೆಸ್ಟ್ ನಗರದಲ್ಲಿ ಅವನ ಜನನ. ಡಾನ್ಯೂಬ್ ನದಿಯ ಎರಡು ದಡಗಳ ಮೇಲಿದ್ದ ಬುಡಾ ಮತ್ತು ಪೆಸ್ಟ್ ಎಂಬ ಊರುಗಳು 1873ರಲ್ಲಿ ಒಂದಾಗಿ ಬೆಳೆದ ರಾಜಧಾನಿ ಅದು. ಹುಡುಗನಿಗೆ ಹದಿನೆಂಟು ತುಂಬಿದ ವರ್ಷದ ಚಳಿಗಾಲದಲ್ಲಿ, ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, ಆ ನಗರವು ಮುತ್ತಿಗೆಗೆ ಸಿಕ್ಕಿತು. 1945ರ ಫೆಬ್ರುವರಿಯಲ್ಲಿ ಮುತ್ತಿಗೆ ಮುಗಿದಾಗ ಡಾನ್ಯೂಬಿನ ಸೇತುವೆಗಳೆಲ್ಲ ನೀರುಪಾಲಾಗಿದ್ದವು. ಊಟಕ್ಕೂ ಸೌದೆಗೂ ತತ್ವಾರವಿದ್ದ ಅಂಥ ಊರಿನಲ್ಲಿ ಯುವಕನೊಬ್ಬನು ರೈಲ್ವೆ ನೌಕರರ ಕ್ರೀಡಾಸಂಘವನ್ನು ಸೇರಿ ಮುಷ್ಟಿಯುದ್ಧ ಕಲಿತನೆಂಬುದು ವಿಚಿತ್ರವಾಗಿ ತೋರಬಹುದು. ಆದರೆ ನೌಕರಿಯ ನೆರಳಿನಲ್ಲಿ ಆಟ ಬೆಳೆಯುವುದು ನಮಗೆ ಹೊಸತಲ್ಲ. ನಮ್ಮ ದೇಶದ ಮುಷ್ಟಿಮಲ್ಲರಲ್ಲಿಯೂ ಬಹುಮಂದಿ ಸೈನ್ಯದಿಂದ, ರೈಲ್ವೆಯಿಂದ, ಪೊಲೀಸ್ ಇಲಾಖೆಯಿಂದ ಬಂದವರೇ. ಸಂಬಳವೂ ರಜವೂ ಅಲ್ಲಿ ಉಂಟಷ್ಟೆ.

ಪಾಪನ ವಿದ್ಯೆಯ ಗುಟ್ಟು ಅವನ ಎಡಗೈ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯ ಮುಷ್ಟಿಮಲ್ಲನು ಎಡಗಾಲನ್ನೂ ಎಡಗೈಯನ್ನೂ ಮುಂದಿಟ್ಟು ನಿಲ್ಲುತ್ತಾನೆ. ಮುಂದಿನ ಎಡಗೈ ಎದುರಾಳಿಯನ್ನು ಕೆಣಕಿ ದೂರವನ್ನು ಅಳೆಯುತ್ತದೆ. ಗಲ್ಲದ ಬಳಿ ಕಾದಿರುವ ಬಲಗೈ ಸಮಯ ನೋಡಿ ಎರಗುತ್ತದೆ. ಎಡಚನದು ಕನ್ನಡಿಯೊಳಗಿನ ಬಿಂಬದಂತೆ. ಬಲಗಾಲು ಮುಂದು, ಬಲಗೈ ಮುಂದು. ಬಲವೆಲ್ಲ ಹಿಂದಿನ ಎಡಗೈಯಲ್ಲಿ. ವರ್ಷಗಟ್ಟಲೆ ಬಲಗೈಯವರ ಸಂಗಡ ಪಳಗಿದವನಿಗೆ ಇಂಥವನು ಎದುರಾದರೆ ಎಲ್ಲವೂ ತಲೆಕೆಳಗು. ಹೊಡೆತ ಬಾರದ ಕಡೆಯಿಂದ ಹೊಡೆತ ಬರುತ್ತದೆ; ತಾನು ಸರಿಯಬೇಕಾದ ದಿಕ್ಕಿಗೆ ಸರಿದರೆ ನೇರವಾಗಿ ಹಗೆಯ ಬಲವಾದ ಕೈಗೇ ಸಿಕ್ಕಿಬೀಳುತ್ತಾನೆ. ಪಾಪನು ಮೊಣಕೈಯನ್ನು ಬಾಗಿಸಿ ಪಕ್ಕದಿಂದ ಬೀಸುತ್ತಿದ್ದ ಎಡಗೈಯ 'ಹುಕ್' ಹೊಡೆತವು ಬಹಳ ದೂರದಿಂದ ಬರುತ್ತಿರಲಿಲ್ಲ. ಬರುವುದು ಕಂಡರೆ ತಾನೆ ತಪ್ಪಿಸಿಕೊಳ್ಳುವುದು? ಅವನ ಗುರು ಝಿಗ್ಮೊಂದ್ ಆಡ್ಲರ್ ಎಂಬ ತರಬೇತುದಾರನು ಈ ಎಡಗೈಯನ್ನು ಬಲಗೈಯಾಗಿ ತಿದ್ದಲು ಹೊರಡದೆ ಇದ್ದುದು ದೊಡ್ಡ ಉಪಕಾರ. ಎಡಗೈಯಲ್ಲಿ ಬರೆಯುವ ಮಕ್ಕಳ ಬೆರಳಿಗೆ ರೂಲುದೊಣ್ಣೆಯ ರುಚಿ ತೋರಿಸುತ್ತಿದ್ದ ಉಪಾಧ್ಯಾಯರನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಮುಷ್ಟಿಕಾಳಗವೆಂಬುದು ಬಿಳಿಯರು ತಂದುಕೊಟ್ಟ ಆಟವೆಂದು ನಮ್ಮಲ್ಲಿ ಅನೇಕರ ಭಾವನೆ. ಮೈಸೂರಿನ ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಕಂಡವರು ಹಾಗೆನ್ನಲಾರರು. ತಲೆ ಬೋಳಿಸಿಕೊಂಡ ಜೆಟ್ಟಿಗಳು ಬೆರಳುಗಳಿಗೆ ಮೊನೆಯುಳ್ಳ ವಜ್ರನಖವನ್ನು ತೊಟ್ಟು ಎದುರುಬದುರಾಗಿ ನಿಲ್ಲುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಬಿದ್ದೊಡನೆ ಕಾಳಗ ಮುಗಿಯುತ್ತದೆ. ಅಲ್ಲಿ ಗೆಲುವು ಸೋಲಿನ ಲೆಕ್ಕವನ್ನು ರಕ್ತವೇ ಬರೆಯುವುದು. ಒಲಿಂಪಿಕ್ಕಿನ ಹವ್ಯಾಸಿ ಮುಷ್ಟಿಯುದ್ಧದ ಲೆಕ್ಕ ಬೇರೆ. ಪಾಪನ ಕಾಲದಲ್ಲಿ ಮೂರು ಮೂರು ನಿಮಿಷಗಳ ಮೂರು ಸುತ್ತು. ಕೈಗೆ ಮೆತ್ತನೆಯ ಚರ್ಮದ ಚೀಲ. ಸುತ್ತ ಕುಳಿತ ತೀರ್ಪುಗಾರರ ಕೈಯಲ್ಲಿ ಅಂಕಗಳ ಹಾಳೆ. ತಲೆಗೆ ಕವಚವನ್ನು ಒಲಿಂಪಿಕ್ಕಿನಲ್ಲಿ ಕಡ್ಡಾಯ ಮಾಡಿದ್ದು 1984ರಲ್ಲಿ; ಪುರುಷರಿಗೆ ಅದನ್ನು ಮತ್ತೆ ತೆಗೆದುಹಾಕಿದ್ದು 2016ರಲ್ಲಿ. ಪಾಪನು ಬರಿಯ ತಲೆಯಲ್ಲಿಯೇ ಹೋರಾಡಿದವನು.

1948ರ ಲಂಡನ್ ಒಲಿಂಪಿಕ್ಸಿಗೆ ಅವನು ಬಂದಾಗ ಇಪ್ಪತ್ತೆರಡು ವರ್ಷ. ಯುದ್ಧದಿಂದ ಬಸವಳಿದ ಲಂಡನ್ನಿನಲ್ಲಿ ಇನ್ನೂ ಪಡಿತರದ ಕಾಲ. ನಮಗೆ ಆ ಒಲಿಂಪಿಕ್ಸ್ ನೆನಪಿರುವುದು ಬೇರೆ ಕಾರಣಗಳಿಗಾಗಿ. ಬೆಂಗಳೂರಿನ ಸಾರಂಗಪಾಣಿ ರಾಮನ್ ಫ್ರಾನ್ಸಿನ ವಿರುದ್ಧ ಕಾಲ್ಚೆಂಡಾಟದಲ್ಲಿ ಗೋಲು ಹೊಡೆದದ್ದು ಅಲ್ಲಿ. ಸ್ವತಂತ್ರ ಭಾರತದ ಹಾಕಿ ತಂಡ ಆಗಸ್ಟ್ 12ರಂದು ವೆಂಬ್ಲಿಯಲ್ಲಿ ಬ್ರಿಟನ್ನನ್ನು ನಾಲ್ಕು ಗೋಲುಗಳಿಂದ ಮಣಿಸಿದ್ದೂ ಅಲ್ಲಿಯೇ. ಅದರ ಮರುದಿನ ಅದೇ ವೆಂಬ್ಲಿಯ ಒಳಾಂಗಣದಲ್ಲಿ ಇನ್ನೊಬ್ಬ ಬ್ರಿಟಿಷನ ಸರದಿ. ಮಧ್ಯಮ ತೂಕದ ಅಂತಿಮ ಸ್ಪರ್ಧೆಯಲ್ಲಿ ಜಾನ್ ರೈಟ್ ಎಂಬವನನ್ನು ಅವನ ಮನೆಯಂಗಳದಲ್ಲಿಯೇ ಸೋಲಿಸಿ ಪಾಪನು ಮೊದಲ ಸ್ವರ್ಣಪದಕವನ್ನು ಗೆದ್ದುಕೊಂಡನು. ಮುಂದಿನ ವರ್ಷ ಆಸ್ಲೋದಲ್ಲಿ ಯುರೋಪಿನ ಹವ್ಯಾಸಿ ಪ್ರಶಸ್ತಿ, 1951ರಲ್ಲಿ ಮಿಲಾನಿನಲ್ಲಿ ಮತ್ತೊಂದು.

1952ರ ಹೆಲ್ಸಿಂಕಿಯಲ್ಲಿ 71 ಕಿಲೋಗ್ರಾಮಿನ ಮಿತಿಯುಳ್ಳ ಹೊಸದೊಂದು ತೂಕದ ವರ್ಗ ಸೇರಿತು. ಪಾಪನು ಅದಕ್ಕೆ ಇಳಿದನು. ಅಮೆರಿಕೆಯ ಎಲ್ಸ್‌ವರ್ತ್ ವೆಬ್ ಎಂಬ ಸಮರ್ಥನು ಅಲ್ಲಿ ಅವನಿಗೆ ಸೋತನು. ಅಂತಿಮ ಸ್ಪರ್ಧೆಯಲ್ಲಿ ದಕ್ಷಿಣ ಆಫ್ರಿಕೆಯ ಥ್ಯೂನಿಸ್ ವ್ಯಾನ್ ಸ್ಕಾಲ್ಕ್‌ವಿಕ್ ಸೋತನು. ಒಂದು ಕೋಟಿಗೂ ಕಡಿಮೆ ಜನಸಂಖ್ಯೆಯ ಹಂಗೇರಿ ಅಲ್ಲಿ ಹದಿನಾರು ಸ್ವರ್ಣಪದಕಗಳನ್ನು ಬಾಚಿಕೊಂಡು, ಅಮೆರಿಕ ಮತ್ತು ಸೋವಿಯತ್ ದೇಶಗಳ ತರುವಾಯ ಮೂರನೆಯ ಸ್ಥಾನ ಪಡೆಯಿತು. ಆ ನಾಡಿನಲ್ಲಿ ಆಗ ಕಮ್ಯೂನಿಸ್ಟ್ ಆಡಳಿತ. ಆಟಗಾರನನ್ನು ಸರಕಾರ ಸಾಕುತ್ತಿತ್ತು; ಆದರೆ ಹಣಕ್ಕಾಗಿ ಆಡುವುದು ಮಾತ್ರ ನಿಷಿದ್ಧ. ವಿಖ್ಯಾತ ಕಾಲ್ಚೆಂಡು ಆಟಗಾರ ಪುಷ್ಕಾಶ್ ಕಾಗದದ ಮೇಲೆ ಸೈನ್ಯದ ಅಧಿಕಾರಿ. ಅತ್ತ 1952ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾದ ಅಮೆರಿಕದ ಏವರಿ ಬ್ರಂಡೇಜ್ ಎಂಬವನೋ, ಆಟದಿಂದ ಒಂದು ಕಾಸು ಮುಟ್ಟಿದವನೂ ಮೈಲಿಗೆಯೆಂಬ ಮಡಿವಂತ. ಹೀಗೆ ಎರಡು ಬಗೆಯ ಮಡಿಗಳ ನಡುವೆ ಹವ್ಯಾಸಿ ಎಂಬ ಪದ ಬಾಳುತ್ತಿತ್ತು. ಹೊಟ್ಟೆ ತುಂಬಿದವನು ಆಡಿದರೆ ಅದು ಹವ್ಯಾಸ, ಹೊಟ್ಟೆಪಾಡಿಗೆ ಆಡಿದರೆ ಅದು ಕಳಂಕ! ಈ ತರ್ಕವನ್ನು ಮಾಡಿದವರು ಹಸಿದಿರಲಾರರು ಎಂಬುದು ನನ್ನ ಅನುಮಾನ.

ಅದೇ ಹೆಲ್ಸಿಂಕಿಯಲ್ಲಿ ಮಧ್ಯಮ ತೂಕದ ಚಿನ್ನ ಗೆದ್ದ ಹದಿನೇಳು ವರ್ಷದ ಅಮೆರಿಕದ ಹುಡುಗನೊಬ್ಬನಿದ್ದನು. ಹೆಸರು ಫ್ಲಾಯ್ಡ್ ಪ್ಯಾಟರ್‌ಸನ್. ಅವನು ಊರಿಗೆ ಮರಳಿದವನೇ ಹಣದ ಕಾಳಗಕ್ಕಿಳಿದು, 1956ರ ನವೆಂಬರ್ 30ರಂದು ಜಗತ್ತಿನ ಹೆವಿವೇಟ್ ಚಾಂಪಿಯನ್ ಆದನು. ಅದರ ಮರುದಿನ, ಡಿಸೆಂಬರ್ 1ರಂದು, ಪಾಪನು ಇನ್ನೂ ಹವ್ಯಾಸಿಯಾಗಿಯೇ ಮೆಲ್ಬೋರ್ನಿನ ಕಟ್ಟೆಯೇರಿದನು.

ಮೆಲ್ಬೋರ್ನಿನ ಮಾತು ಬಂದಾಗ ತುಸು ನಿಲ್ಲಬೇಕು. 1956ರ ಅಕ್ಟೋಬರ್ 23ರಂದು ಬುಡಾಪೆಸ್ಟಿನಲ್ಲಿ ಜನ ದಂಗೆಯೆದ್ದರು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಬೀದಿಬೀದಿಗಳಲ್ಲಿ ನುಗ್ಗಿ ಆ ದಂಗೆಯನ್ನು ತುಳಿದುಹಾಕಿದವು. ಒಲಿಂಪಿಕ್ಸ್ ಆರಂಭವಾದದ್ದು ನವೆಂಬರ್ 22ರಂದು. ಹಂಗೇರಿಯ ಆಟಗಾರರು ಮಡಿದವರ ಲೆಕ್ಕವೂ ಸರಿಯಾಗಿ ಸಿಗದ ತಾಯ್ನಾಡನ್ನು ಹಿಂದೆ ಬಿಟ್ಟು ಭೂಮಿಯ ಆಚೆಯ ತುದಿಗೆ ಬಂದಿದ್ದರು. ಮನೆಯವರು ಬದುಕಿದ್ದಾರೆಯೇ ಎಂಬ ಚಿಂತೆಯನ್ನು ಎದೆಯಲ್ಲಿಟ್ಟುಕೊಂಡು ಓಡಬೇಕು, ಈಜಬೇಕು, ಹೊಡೆದಾಡಬೇಕು. ನೀರಿನ ಪೋಲೋ ಆಟದಲ್ಲಿ ಸೋವಿಯತ್ ತಂಡವನ್ನು ಹಂಗೇರಿ ನಾಲ್ಕು ಸೊನ್ನೆಯಿಂದ ಸೋಲಿಸಿದಾಗ, ಎರ್ವಿನ್ ಝಾದೋರ್ ಎಂಬ ಆಟಗಾರನು ಪೆಟ್ಟುತಿಂದು ಕಣ್ಣಿನ ಕೆಳಗೆ ರಕ್ತ ಸುರಿಸುತ್ತ ಕೊಳದಿಂದ ಮೇಲೆ ಬಂದ ಚಿತ್ರವನ್ನು ಜಗತ್ತೆಲ್ಲ ಕಂಡಿತು.

ಪಾಪನಿಗೆ ಆಗ ಮೂವತ್ತು ವರ್ಷ. ಹವ್ಯಾಸಿ ಮುಷ್ಟಿಯುದ್ಧದಲ್ಲಿ ಅದು ಹೆಚ್ಚುಕಡಿಮೆ ಪಿಂಚಣಿಯ ವಯಸ್ಸು. ಉಪಾಂತ್ಯದಲ್ಲಿ ಎದುರಾದವನು ಪೋಲೆಂಡಿನ ಝ್ಬಿಗ್ನ್ಯೆವ್ ಪ್ಯೆಟ್ಶಿಕೋವ್‌ಸ್ಕಿ. ಈ ಹೆಸರನ್ನು ಹೇಳುವುದೇ ಒಂದು ಸುತ್ತಿನ ಕಾಳಗ. ಆದರೂ ಮರೆಯತಕ್ಕ ಹೆಸರಲ್ಲ. ನಾಲ್ಕು ವರ್ಷಗಳ ತರುವಾಯ ರೋಮಿನ ಅಂತಿಮ ಸ್ಪರ್ಧೆಯಲ್ಲಿ ಕ್ಯಾಸಿಯಸ್ ಕ್ಲೇ ಎಂಬ ಹದಿನೆಂಟರ ತರುಣನ ಎದುರು ನಿಂತವನು ಇವನೇ. ಆ ಕ್ಲೇ ಮುಂದೆ ಮಹಮ್ಮದ್ ಅಲಿಯಾದುದನ್ನು ಹೇಳಬೇಕಾದ್ದಿಲ್ಲ. ಪಾಪನು ಪೋಲೆಂಡಿನವನನ್ನು ದಾಟಿ ಅಂತಿಮ ಕಟ್ಟೆಗೆ ಬಂದನು. ಅಲ್ಲಿ ಕಾದಿದ್ದವನು ಅಮೆರಿಕದ ತಂಡದ ಹೊಸೇ ಟೊರೆಸ್. ಪೋರ್ಟೋ ರಿಕೋ ದ್ವೀಪದ ಹುಡುಗ, ಪಾಪನಿಗಿಂತ ಹತ್ತು ವರ್ಷ ಕಿರಿಯ. ಎಳೆಯ ಕಾಲುಗಳ ಚುರುಕಿಗೂ ಹಳೆಯ ಕಣ್ಣುಗಳ ಅನುಭವಕ್ಕೂ ಮೂರು ಸುತ್ತು ಪೈಪೋಟಿ ನಡೆದು, ತೀರ್ಪುಗಾರರ ಅಂಕಗಳಲ್ಲಿ ಪಾಪನೇ ಮೇಲಾದನು.

ಮೂರು ಒಲಿಂಪಿಕ್ಸ್, ಮೂರು ಸ್ವರ್ಣ. ಒಮ್ಮೆ ಸೋತರೆ ಮನೆಗೆ ಹೋಗಬೇಕಾದ ಪಂದ್ಯಾವಳಿಯಲ್ಲಿ ಮೂರು ಬಾರಿಯೂ ಚಿನ್ನ ಗೆದ್ದನೆಂದರೆ, ಒಲಿಂಪಿಕ್ ಕಟ್ಟೆಯ ಮೇಲೆ ಅವನು ಒಮ್ಮೆಯೂ ಸೋಲಲಿಲ್ಲವೆಂದೇ ಅರ್ಥ. ಅವನಿಗಿಂತ ಮೊದಲು ಯಾವ ಮುಷ್ಟಿಮಲ್ಲನೂ ಇದನ್ನು ಮಾಡಿರಲಿಲ್ಲ. ತರುವಾಯ ಕ್ಯೂಬಾದ ಇಬ್ಬರು ಆ ಮಟ್ಟವನ್ನು ಮುಟ್ಟಿದರು: 1972, 76, 80ರಲ್ಲಿ ತೆಯೋಫಿಲೋ ಸ್ಟೀವನ್‌ಸನ್, 1992, 96 ಮತ್ತು 2000ದಲ್ಲಿ ಫೆಲಿಕ್ಸ್ ಸವೋನ್. ನಾಲ್ಕನೆಯ ಚಿನ್ನವನ್ನು ಈವರೆಗೂ ಯಾರೂ ಮುಟ್ಟಿಲ್ಲ.

ಕ್ರೀಡೆಗಳು ಮುಗಿದ ಮೇಲೆ ಹಂಗೇರಿಯ ತಂಡದಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ತಾಯ್ನಾಡಿಗೆ ಮರಳಲಿಲ್ಲ. ವಿದೇಶದಲ್ಲಿದ್ದ ಪುಷ್ಕಾಶ್ ಕೂಡ ಮರಳಲಿಲ್ಲ. ಮುಂದೆ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡದಲ್ಲಿ ಆಡಿ ಎರಡನೆಯ ಬಾರಿಗೆ ಜಗದ್ವಿಖ್ಯಾತನಾದನು. ಪಾಪನು ಮರಳಿದನು.

ಮರಳಿ ಬಂದು ಅವನು ಅಪ್ಪಣೆ ಕೇಳಿದನು. ಹವ್ಯಾಸಿಯಾಗಿ ಗೆಲ್ಲುವುದೆಲ್ಲವನ್ನೂ ಗೆದ್ದಾಯಿತು. ಇನ್ನು ಹಣದ ಕಾಳಗಕ್ಕೆ ಬಿಡಿ ಎಂದು. ಆಶ್ಚರ್ಯವೆಂದರೆ 1957ರಲ್ಲಿ ಸರಕಾರ ಒಪ್ಪಿತು. ಸೋವಿಯತ್ ಪಾಳೆಯದ ನಾಡುಗಳಿಂದ ಹಾಗೆ ವೃತ್ತಿಪರನಾಗಿ ಹೊರಟ ಮೊದಲ ಮುಷ್ಟಿಮಲ್ಲನು ಅವನೇ. ಸ್ವದೇಶದಲ್ಲಿ ಅಂಥ ಕಾಳಗ ನಡೆಸುವಂತಿರಲಿಲ್ಲ. ಆದ್ದರಿಂದ ಗಡಿಯಾಚೆಯ ವಿಯೆನ್ನಾ ಅವನ ಗರಡಿಮನೆಯಾಯಿತು. ಮೂವತ್ತೊಂದರ ವಯಸ್ಸಿನಲ್ಲಿ, ಬೇರೆಯವರು ಕೈಚೀಲ ಬಿಚ್ಚಿಡುವ ಕಾಲದಲ್ಲಿ, ಇವನು ಹೊಸ ವಿದ್ಯೆ ಕಲಿಯತೊಡಗಿದನು. ಮೂರು ಸುತ್ತಿನವನು ಹತ್ತು, ಹದಿನೈದು ಸುತ್ತುಗಳಿಗೆ ಉಸಿರು ಕಟ್ಟಬೇಕು; ಮೊದಲ ನಿಮಿಷದಲ್ಲಿಯೇ ಬಲವನ್ನೆಲ್ಲ ಚೆಲ್ಲಿಬಿಡುವ ಹವ್ಯಾಸಿಯ ಅಭ್ಯಾಸವನ್ನು ಮರೆಯಬೇಕು. 1962ರಲ್ಲಿ ಡೆನ್ಮಾರ್ಕಿನ ಕ್ರಿಸ್ ಕ್ರಿಸ್ಟೆನ್‌ಸನ್ನನನ್ನು ಕೆಡವಿ ಯುರೋಪಿನ ಮಧ್ಯಮ ತೂಕದ ವೃತ್ತಿಪರ ಪ್ರಶಸ್ತಿಯನ್ನು ಪಡೆದನು. ಮಹಾಮಲ್ಲ ಷುಗರ್ ರೇ ರಾಬಿನ್‌ಸನ್ನನನ್ನು ಒಮ್ಮೆ ಸೋಲಿಸಿದ್ದ ಅಮೆರಿಕದ 'ಟೈಗರ್' ಜೋನ್ಸ್ ಕೂಡ ವಿಯೆನ್ನಾದಲ್ಲಿ ಇವನಿಗೆ ಸೋತನು. ಒಟ್ಟು ಇಪ್ಪತ್ತೊಂಬತ್ತು ಕಾಳಗ. ಇಪ್ಪತ್ತೇಳು ಗೆಲುವು, ಎರಡು ಸಮ. ಸೋಲೆಂಬುದು ಆ ಪಟ್ಟಿಯಲ್ಲಿ ಇಲ್ಲ.

ಇನ್ನು ಉಳಿದದ್ದು ಒಂದೇ ಮೆಟ್ಟಿಲು: ವಿಶ್ವ ಪ್ರಶಸ್ತಿ. ಮಧ್ಯಮ ತೂಕದ ವಿಶ್ವ ಚಾಂಪಿಯನ್ ಆಗ ಅಮೆರಿಕದ ಜೋಯಿ ಗಿಯಾರ್ಡೆಲ್ಲೊ. ಅವನೊಡನೆ ಕಾಳಗದ ಮಾತುಕತೆ ನಡೆದಿತ್ತು. 1964ರಲ್ಲಿ ಪಾಪನು ವಿಯೆನ್ನಾದಲ್ಲಿ ಕೊನೆಯ ಬಾರಿಗೆ ಕಟ್ಟೆಯಿಳಿದನು. ಅದು ಕೊನೆಯದೆಂದು ಅವನಿಗೆ ಅಂದು ತಿಳಿದಿರಲಾರದು. 1965ರ ವೇಳೆಗೆ ಹಂಗೇರಿಯ ಸರಕಾರ ಹೊರದೇಶಕ್ಕೆ ಹೋಗುವ ಅಪ್ಪಣೆಯನ್ನು ಹಿಂತೆಗೆದುಕೊಂಡಿತು. ಹಣಕ್ಕಾಗಿ ಹೊಡೆದಾಡುವುದು ಸಮಾಜವಾದದ ತತ್ತ್ವಕ್ಕೆ ಒಪ್ಪುವಂಥದಲ್ಲ ಎಂಬುದು ಕಾರಣ. ಎಂಟು ವರ್ಷ ಒಪ್ಪಿದ್ದ ತತ್ತ್ವ ಕೊನೆಯ ಮೆಟ್ಟಿಲಿನಲ್ಲಿ ಒಪ್ಪದೆಹೋಯಿತು. ಕಟ್ಟೆಯ ಮೇಲೆ ಅವನನ್ನು ಕೆಡವಬಲ್ಲ ಕೈ ಯಾವುದೂ ಸಿಗದಿದ್ದಾಗ ಲೇಖನಿ ಹಿಡಿದ ಕೈ ಕೆಡವಿತು.

ಅದೇ 1965ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಬ್ಬನು ಲೈಟ್ ಹೆವಿವೇಟ್ ವರ್ಗದ ವಿಶ್ವ ಚಾಂಪಿಯನ್ ಆದನು. ಹೆಸರು ಹೊಸೇ ಟೊರೆಸ್! ಮೆಲ್ಬೋರ್ನಿನಲ್ಲಿ ಪಾಪನಿಗೆ ಸೋತ ಅದೇ ಹುಡುಗ. ಸೋತವನಿಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಪಾಪನು ದೇಶ ಬಿಟ್ಟು ಓಡಲಿಲ್ಲ. ಹಂಗೇರಿಯ ತಂಡಕ್ಕೆ ಬಹುಕಾಲ ತರಬೇತುದಾರನಾಗಿ ದುಡಿದನು. 2001ರಲ್ಲಿ ಅಂತರರಾಷ್ಟ್ರೀಯ ಮುಷ್ಟಿಯುದ್ಧದ ಕೀರ್ತಿಭವನದಲ್ಲಿ ಅವನ ಹೆಸರು ಸೇರಿತು. 2003ರ ಅಕ್ಟೋಬರ್ 16ರಂದು ಬುಡಾಪೆಸ್ಟಿನಲ್ಲಿ ತೀರಿಕೊಂಡನು. ಆಗ ಆ ನಗರದ ಅತಿ ದೊಡ್ಡದಾಗಿದ್ದ ಒಳಾಂಗಣ ಕ್ರೀಡಾಗೃಹಕ್ಕೆ ಮರುವರ್ಷ ಅವನ ಹೆಸರನ್ನಿಟ್ಟರು. ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ: 2016ರ ರಿಯೋ ಒಲಿಂಪಿಕ್ಸಿನಿಂದ ಹಣದ ಮುಷ್ಟಿಮಲ್ಲರಿಗೂ ಒಲಿಂಪಿಕ್ಕಿನ ಬಾಗಿಲು ತೆರೆಯಿತು. ಬ್ರಂಡೇಜನ ಮಡಿ ಹೀಗೆ ಯಾವ ಗದ್ದಲವೂ ಇಲ್ಲದೆ ನೀರಿಗೆ ಬಿತ್ತು.

ನಮ್ಮ ನಾಡಿನ ಮಾತಿಗೆ ಬರೋಣ. ಕರ್ನಾಟಕದಲ್ಲಿ ಈ ವಿದ್ಯೆಗೆ ಹೆಸರು ತಂದವರನ್ನು ಹುಡುಕಹೊರಟರೆ ದಾರಿ ಕೊಡಗಿಗೆ, ಅಲ್ಲಿಂದ ಸೈನ್ಯಕ್ಕೆ ಹೋಗುತ್ತದೆ. ಅರ್ಜುನ ಪ್ರಶಸ್ತಿ ಪಡೆದ ಮುಷ್ಟಿಮಲ್ಲ ಚೇನಂಡ ಮಾಚಯ್ಯನವರು ಕೊಡಗಿನವರು. ಭಾರತ ತಂಡದ ತರಬೇತುದಾರರಾಗಿ 2018ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಸಿ.ಎ. ಕುಟ್ಟಪ್ಪನವರೂ ಅದೇ ಚೇನಂಡ ಮನೆತನದವರು, ಸೈನ್ಯದಲ್ಲಿದ್ದು ಬೆಳೆದವರು. ಸೈನ್ಯದಲ್ಲಿ ಆಟಕ್ಕೆ ಅಪ್ಪಣೆಯಲ್ಲ, ಆಜ್ಞೆಯೇ ಇರುತ್ತದೆ. ಪೀಣ್ಯದ ಲೇತಿನ ಮುಂದೆ ನಿಂತವನ ಗತಿ ಬೇರೆ. ಬೆಳಗಿನ ಐದು ಗಂಟೆಗೆ ಎದ್ದು, ಶೆಡ್ಡಿನ ತೊಲೆಗೆ ಕಟ್ಟಿದ ಮರಳಿನ ಚೀಲವನ್ನು ಗುದ್ದಿ, ಏಳೂವರೆಗೆ ಬಸ್ಸು ಹಿಡಿದು, ದಿನವೆಲ್ಲ ಯಂತ್ರದ ಜೊತೆ ಹೆಣಗಿ, ಸಂಜೆ ಮತ್ತೆ ಚೀಲದ ಮುಂದೆ ನಿಲ್ಲುವ ಇಂಥ ಹುಡುಗರು ಎಷ್ಟು ಮಂದಿಯೋ. ನಿಜವಾದ ಅರ್ಥದಲ್ಲಿ ಹವ್ಯಾಸಿಗಳು ಅವರೇ. ಬ್ರಂಡೇಜನು ಕಂಡಿದ್ದರೆ ಹಿಗ್ಗುತ್ತಿದ್ದನೇನೋ. ರಜ ಕೊಡಿಸುತ್ತಿದ್ದನೇ ಎಂಬುದು ಬೇರೆ ಮಾತು.

ನನ್ನ ಶಿಷ್ಯನು ಏನು ಮಾಡಿದನೆಂದು ವಾಚಕರು ಕೇಳಬಹುದು. ಅವನು ಹೋದನು. ಮಡಿಸಿದ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋದನು. ಮೊದಲ ಕಾಳಗ ಗೆದ್ದು, ಎರಡನೆಯದರಲ್ಲಿ ಅಂಕಗಳಿಂದ ಸೋತು, ಐದನೆಯ ದಿನವೇ ಊರಿಗೆ ಬಂದನು. ಕಾರ್ಖಾನೆಯಲ್ಲಿ ಅವನ ಲೇತಿನ ಮುಂದೆ ಬೇರೊಬ್ಬನು ನಿಂತಿದ್ದನು. ಒಂದೂವರೆ ತಿಂಗಳು ಕೆಲಸವಿಲ್ಲದೆ ಅಲೆದು, ಈಗ ಬೇರೊಂದು ಕಡೆ ರಾತ್ರಿ ಪಾಳಿಗೆ ಸೇರಿಕೊಂಡಿದ್ದಾನೆ. ಸಂಬಳ ಮೊದಲಿಗಿಂತ ಕಡಿಮೆ. ಚೀಲ ಗುದ್ದುವುದನ್ನು ಬಿಟ್ಟಿಲ್ಲ. ರಾತ್ರಿ ಪಾಳಿಯಾದ್ದರಿಂದ ಬೆಳಗಿನ ಹೊತ್ತು ಅನುಕೂಲವಾಯಿತೆಂದು ಅವನೇ ಹೇಳುತ್ತಾನೆ. ನನ್ನ ಅರ್ಜಿಯಿಂದ ಅವನ ಕೆಲಸ ಹೋಯಿತೆಂಬ ಕಸಿವಿಸಿ ನನಗಿನ್ನೂ ಇದೆ. ಅದನ್ನು ಹೇಳಿದರೆ ಅವನು ನಗುತ್ತಾನೆ.

ಮೊನ್ನೆ ಅದೇ ಚಹದಂಗಡಿಯ ಮುಂದೆ ಸಿಕ್ಕಿದನು. ಹುಬ್ಬಿನ ಮೇಲೆ ಹೊಸದೊಂದು ಹೊಲಿಗೆಯ ಗುರುತು. ಚಹ ಹೀರುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಅವ್ನು ಮೆಲ್ಬೋರ್ನಿಂದ ವಾಪಸ್ ಯಾಕ್ ಹೋದ?" ಎಂದು ಕೇಳಿದನು.

"ಊರು ಕಣಯ್ಯ" ಎಂದೆನು. ಬೇರೆ ಉತ್ತರ ನನಗೆ ಹೊಳೆಯಲಿಲ್ಲ.

ಅವನು ತಲೆಯಾಡಿಸಿದನು. "ಆ ಗಿಯಾರ್ಡೆಲ್ಲೊ ಜೊತೆ ಬಿಟ್ಟಿದ್ರೆ ಗೆಲ್ತಿದ್ನಾ ಸಾರ್?"

ಪಾಪನಿಗೆ ಆಗ ಮೂವತ್ತೊಂಬತ್ತು ನಡೆಯುತ್ತಿತ್ತು, ಗಿಯಾರ್ಡೆಲ್ಲೊ ನುರಿತವನು, ಹೇಳುವುದು ಕಷ್ಟ ಎಂದು ನಾನು ಮೇಷ್ಟರ ಧಾಟಿಯಲ್ಲಿ ಎರಡೂ ಪಕ್ಷವನ್ನು ವಿವರಿಸತೊಡಗಿದೆನು. ಅವನು ಪೂರ್ತಿ ಕೇಳಲಿಲ್ಲ. ಪಾಳಿಗೆ ಹೊತ್ತಾಗಿತ್ತು. ಲೋಟವನ್ನು ಹಲಗೆಯ ಮೇಲಿಟ್ಟು, "ಗೆಲ್ತಿದ್ದ ಸಾರ್" ಎನ್ನುತ್ತ, ಊಟದ ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು ಬಸ್ಸಿನ ಕಡೆಗೆ ಓಡಿದನು.